ತೆಕ್ಕವ್ವನ ಸರ

ರೇಣುಕಾದೇವಿ ಫೋನಿನಲ್ಲಿ ಹೇಳಿದ್ದು ಒಂದೇ ಮಾತು. "ಅಕ್ಕಾ, ತೊಟ್ಟಿಲ ಸರ ಮರೀಬ್ಯಾಡ, ತಗೊಂಡು ಬಾ. ನಾ ಕಟ್ತೀನಿ."

ಆ 'ನಾ ಕಟ್ತೀನಿ' ಅನ್ನುವುದು ಮಲ್ಲಿಕಮ್ಮನ ಗಂಟಲಲ್ಲಿ ಮೀನಿನ ಮುಳ್ಳಾಗಿ ಸಿಕ್ಕಿಕೊಂಡಿತು. ನುಂಗಲೂ ಆಗದು, ಉಗುಳಲೂ ಆಗದು. ಶಹಾಪುರದ ಬಜಾರಿನಲ್ಲಿ ಮೀನು ಮಾರುತ್ತಲೇ ತಲೆ ನೆರೆತ ಹೆಂಗಸು ಅವಳು. ಗಿರಾಕಿ ಒಂದು ಮಾತು ಹೆಚ್ಚಿಗೆ ಆಡಿದರೆ ಎರಡು ತಿರುಗಿಸಿ ಕೊಡುವವಳು. ಅಂಥವಳು ತಂಗಿಗೆ ಮಾತ್ರ "ಹ್ಞೂಂ, ತರ್ತೀನಿ ತಗೋ" ಎಂದು ಫೋನಿಟ್ಟಳು. ಇಟ್ಟ ಮೇಲೆ ಫೋನನ್ನು ಮನಸಾರೆ ಬೈದಳು. ಪಾಪ, ಫೋನು ಏನು ಮಾಡೀತು!

ಈಗ ಸುರಪುರದ ಬಸ್ಸು ಭೀಮರಾಯನಗುಡಿ ದಾಟಿ ಓಡುತ್ತಿತ್ತು. ಕಾಲುವೆಯ ನೀರು ಕುಡಿದ ಭತ್ತದ ಗದ್ದೆಗಳು ಎರಡೂ ಬದಿಗೆ ಹಸಿರಾಗಿದ್ದವು. ಮಲ್ಲಿಕಮ್ಮ ಕಿಟಕಿಯ ಕಡೆ ನೋಡುತ್ತಿರಲಿಲ್ಲ. ಮಡಿಲಲ್ಲಿದ್ದ ಚೀಲದ ಬಾಯನ್ನು ಅದುಮಿ ಹಿಡಿದು, ಒಳಗಿನ ಚಿಪ್ಪುಗಳು ಗಲಗಲ ಎಂದಾಗಲೆಲ್ಲ ಹಿಡಿತ ಬಿಗಿ ಮಾಡುತ್ತಿದ್ದಳು.

ಅವರ ಮನೆತನದಲ್ಲಿ ಒಂದು ರೂಢಿ. ಹೆಣ್ಣುಮಗಳು ಹಡೆದು, ಕೂಸನ್ನು ತೊಟ್ಟಿಲಿಗೆ ಹಾಕುವ ದಿನ, ತೊಟ್ಟಿಲಿನ ಮೇಲೆ ಕಡಲ ಚಿಪ್ಪಿನ ಸರ ಕಟ್ಟಬೇಕು. ಕಟ್ಟಬೇಕಾದವಳು ಬಾಣಂತಿಯ ತಾಯಿ. ಇವತ್ತಿನ ಬಾಣಂತಿ ದುರ್ಗಾ. ಅವಳನ್ನು ಸಾಕಿ ಸಲಹಿ ಮದುವೆ ಮಾಡಿ ಕೊಟ್ಟವಳು ರೇಣುಕಾದೇವಿ. ಹಡೆದವಳು ಮಲ್ಲಿಕಮ್ಮ. ತೊಡಕೆಲ್ಲ ಇಷ್ಟೇ, ಆದರೆ ಇದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

'ಕೊಟ್ಟವಳು ಕೋಡಂಗಿ, ಇಸಗೊಂಡವಳು ಈರಭದ್ರಿ' ಎಂದು ಗಾದೆಯನ್ನು ತನಗೆ ಬೇಕಾದಂತೆ ತಿರುಚಿಕೊಂಡು ಮಲ್ಲಿಕಮ್ಮ ಮನಸ್ಸಿನಲ್ಲೇ ಗೊಣಗಿದಳು. ಗೊಣಗಿ, ನಿರ್ಧಾರ ಮಾಡಿದಳು. ಮಾತಾಡುವುದು ಬೇಡ. ಜಗಳವೂ ಬೇಡ. ಹೆಂಗಸರು ಗುಗ್ಗರಿ, ಕುಬಸ ಅಂತ ಗದ್ದಲದಲ್ಲಿರುವಾಗ ಸುಮ್ಮನೆ ಎದ್ದು ಸರ ಕಟ್ಟಿಬಿಡಬೇಕು. ಹೆತ್ತ ಮಗಳ ಕೂಸಿಗೆ ಒಂದು ಗಂಟು ಹಾಕುವ ಹಕ್ಕಾದರೂ ಈ ಕೈಗೆ ಇಲ್ಲವೇ? ಇಷ್ಟೂ ಆಗದಿದ್ದರೆ ಬದುಕಿದ್ದಾದರೂ ಯಾತಕ್ಕೆ!

ರೂಢಿ ಅಂದರೆ ಏಳು ತಲೆಮಾರಿನದೇನಲ್ಲ. ಅವ್ವ ಅಮೃತಮ್ಮ ಶುರು ಮಾಡಿದ್ದು, ಅದೂ ಗೋವಾದ ಕಡಲ ದಂಡೆಯಲ್ಲಿ.

ಆಗ ಮಲ್ಲಿಕಮ್ಮ ಹತ್ತರ ಹುಡುಗಿ, ರೇಣುಕಾ ಇನ್ನೂ ಮೂಗು ಒರೆಸಿಕೊಳ್ಳಲು ಬಾರದವಳು. ಅಪ್ಪ ಹುಲಗಪ್ಪ ಯಾದಗಿರಿ ಕಡೆಯ ಭೀಮಾ ದಂಡೆಯವನು. ಬೇಸಿಗೆಯಲ್ಲಿ ಹೊಳೆ ಬತ್ತಿ ಬರೀ ಮಡುವುಗಳಲ್ಲಿ ನೀರು ನಿಂತಾಗ ಬಲೆಗೆ ಕೆಲಸವೆಲ್ಲಿ? ಗುತ್ತಿಗೆದಾರನೊಬ್ಬ ದಂಡೆಯ ಮನೆಗಳವರನ್ನೆಲ್ಲ ಕೂಡಿಸಿಕೊಂಡು ಕಡಲ ಬಲೆ ಎಳೆಯುವುದಕ್ಕೆ ಕರೆದೊಯ್ದ. ರೈಲು, ಆಮೇಲೆ ಲಾರಿ, ಆಮೇಲೆ ನಡಿಗೆ. ಕಡಲನ್ನು ಕಂಡದ್ದೇ ರೇಣುಕಾ, "ಅಪ್ಪಾ, ಇದರ ಆಚಿ ದಂಡಿ ಎಲ್ಲದ?" ಎಂದು ಕೇಳಿದಳು. ಹುಲಗಪ್ಪ ಕೈ ಅಡ್ಡ ಹಿಡಿದು ದಿಟ್ಟಿಸಿ ನೋಡಿದ. ನಾಡಿನ ಹೊಳೆಗಳನ್ನೆಲ್ಲ ಈಜಿದವನು! ಕಡೆಗೆ ಬಾಗಿ ಒಂದು ಬೊಗಸೆ ನೀರು ಬಾಯಿಗೆ ಹಾಕಿ ಥೂ ಎಂದು ಉಗುಳಿ, "ಯಾವನೋ ಉಪ್ಪಿನ ಗಾಡಿ ಮುಗಚ್ಯಾನ" ಅಂದ. ಬಸುರಿ ಅಮೃತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವ್ವ ಹಾಗೆ ನಕ್ಕದ್ದನ್ನು ಮಲ್ಲಿಕಮ್ಮ ಮತ್ತೆ ನೋಡಲಿಲ್ಲ.

ತೆಂಗಿನ ಗರಿಯ ಗುಡಿಸಲು. ದೊಡ್ಡವರೆಲ್ಲ ಬೆಳಗಾಗುತ್ತಲೇ ಹಗ್ಗ ಹಿಡಿದರೆ, ಅಕ್ಕತಂಗಿಯರಿಗೆ ದಂಡೆಯೇ ಮನೆ. ನೀರು ಇಳಿದು ಒದ್ದೆ ಉಸುಕು ಬಯಲಾದಾಗ ಹೊಳೆ ಮಕ್ಕಳ ಕೈ ಸುಮ್ಮನಿರುತ್ತದೆಯೇ? ಊರಲ್ಲಿ ಉಸುಕು ತೋಡಿ ಒರತೆ ತೆಗೆದು ಕೊಡ ತುಂಬಿಸಿದ ಕೈಗಳು. ಒಂದು ದಿನ ಉಸುಕಿನ ಮೇಲೆ ಒಂದು ಉಬ್ಬುಗೆರೆ ಮೆಲ್ಲಗೆ ಮುಂದೆ ಮುಂದೆ ಸರಿಯುತ್ತಿತ್ತು, ಕೌದಿಯ ಕೆಳಗೆ ಕೂಸು ಕಾಲಾಡಿಸಿದ ಹಾಗೆ. ಇಬ್ಬರೂ ಕುಕ್ಕರುಗಾಲಲ್ಲಿ ಕುಳಿತು ತೋಡಿದರು.

ಒಳಗಿದ್ದದ್ದು ಒಂದು ಗುಂಡು ಶಂಖದ ಹುಳು. ನಿಂಬೆಹಣ್ಣಿನಷ್ಟು, ಎಣ್ಣೆ ಹಚ್ಚಿ ಉಜ್ಜಿದಂತೆ ನುಣ್ಣಗೆ. ಅದರ ಮೈಯಿಂದ ಬಿಳಿಚಾದ ದಪ್ಪ ಮಾಂಸ ಹೊರಗೆ ಹರಡಿ, ಒಂದು ಸಣ್ಣ ಜೋಡುಚಿಪ್ಪನ್ನು ಸುತ್ತಲೂ ಹಿಡಿದುಕೊಂಡಿತ್ತು. ಮಲ್ಲಿಕಮ್ಮ ಬಿಡಿಸಲು ನೋಡಿದಳು. ಹುಳು ಬಿಡಲೊಲ್ಲದು.

"ಅಕ್ಕಾ, ಎಳೀಬ್ಯಾಡ!" ರೇಣುಕಾ ಚೀರಿದಳು. "ಅವ್ವ ಅದಾಳ ಅದು. ಕೂಸಿಗಿ ತೆಕ್ಕಿ ಬಡದಾಳ."

ಇಬ್ಬರೂ ಅದನ್ನು ಅಂಗೈಯಲ್ಲಿಟ್ಟುಕೊಂಡು ಓಡಿ ಹೋಗಿ ಅಮೃತಮ್ಮನಿಗೆ ತೋರಿಸಿದರು. ದಿನ ತುಂಬಿದ ಬಸುರಿ. ಅದನ್ನು ನೋಡಿ ಅವಳ ಮುಖ ಮೆತ್ತಗಾಯಿತು. "ಖರೇನ ಅವ್ವ ಅದಾಳ. ಕೂಸು ಬಿಡಾಕ ವಲ್ಲಳು. ಹೊಳ್ಳಿ ಇಟ್ಟು ಬರ್ರೇ, ಪುಣ್ಯಾ ಬರ್ತದ" ಅಂದಳು. ಅವರು ಅದನ್ನು ತಂದ ಜಾಗದಲ್ಲೇ ಹೂತು, ಮೇಲೆ ಉಸುಕು ತಟ್ಟಿ, ಕೈಮುಗಿದು ಬಂದರು. ಅವತ್ತಿನಿಂದ ಅದು ತೆಕ್ಕವ್ವ.

ರಾತ್ರಿ ಒಂದೇ ಕೌದಿಯಲ್ಲಿ ಮಲಗಿ ಅಕ್ಕತಂಗಿಯರು ತೆಕ್ಕವ್ವನ ಆಟ ಆಡುತ್ತಿದ್ದರು. ಮಲ್ಲಿಕಮ್ಮ ತೆಕ್ಕವ್ವ, ರೇಣುಕಾ ಕೂಸು. ಕೌದಿ ತಲೆಯವರೆಗೆ ಎಳೆದುಕೊಂಡು ಬಿಗಿಯಾಗಿ ತಬ್ಬಿದರೆ ಹೊರಗಿನ ಅಲೆಯ ಸದ್ದಿಗೆ ಹೆದರಿಕೆ ಇರುತ್ತಿರಲಿಲ್ಲ. ಆಹಾ, ಎಂಥ ದಿನಗಳವು! ಹೊಟ್ಟೆ ಅರ್ಧ ತುಂಬುತ್ತಿತ್ತು, ಮೈಗೆಲ್ಲ ಉಪ್ಪು ಕಡಿಯುತ್ತಿತ್ತು. ಆದರೂ ಬಜಾರಿನಲ್ಲಿ ಐಸಿನ ಡಬ್ಬಿ ತೆರೆದು ತಣ್ಣನೆಯ ವಾಸನೆ ಮುಖಕ್ಕೆ ಬಡಿದಾಗಲೆಲ್ಲ ಮಲ್ಲಿಕಮ್ಮನಿಗೆ ಇವತ್ತಿಗೂ ಆ ಕೌದಿಯೊಳಗಿನ ತಂಗಿಯ ತಲೆಗೂದಲ ವಾಸನೆಯೇ ನೆನಪಾಗುತ್ತದೆ. ಗಿರಾಕಿ "ಏನವಾ, ಎಲ್ಲಿ ಹೋದಿ?" ಎಂದು ಕೇಳುವ ತನಕ ಅವಳು ಅಲ್ಲೇ ಇರುತ್ತಾಳೆ.

ದಂಡೆಯ ಮೇಲೆ ಸತ್ತ ಚಿಪ್ಪುಗಳು ಬೇಕಾದಷ್ಟು ಬಿದ್ದಿರುತ್ತಿದ್ದವು. ಕೆಲವಕ್ಕೆ ಮಾತ್ರ ಒಂದೊಂದು ದುಂಡನೆಯ ತೂತು, ಬಂಗಾರದ ಪತ್ತಾರ ಕೂತು ಕೊರೆದಷ್ಟು ನಾಜೂಕು. ಅಮೃತಮ್ಮ ಅದನ್ನು ಬೆಳಕಿಗೆ ಹಿಡಿದು, "ನೋಡ್ರಿ, ಗಂಗವ್ವ ನಮಗ ತ್ರಾಸ ಆಗಬಾರದಂತ ತಾನ ತೂತು ಹಾಕಿ ಕೊಟ್ಟಾಳ" ಎಂದಳು. ಮಕ್ಕಳು ತೂತಿನ ಚಿಪ್ಪುಗಳನ್ನೇ ಆರಿಸಿ ತಂದರು. ಬಲೆಯ ದಾರದಲ್ಲಿ ಪೋಣಿಸಿ, ನಟ್ಟನಡುವೆ ಒಂದು ಖಾಲಿ ತೆಕ್ಕವ್ವನ ಶಂಖ ಕಟ್ಟಿದರು. ತಮ್ಮ ಶಿವರಾಜ ಆ ಗುಡಿಸಲಿನಲ್ಲೇ ಹುಟ್ಟಿದ. ಸೀರೆಯ ಜೋಲಿಯ ಮೇಲೆ ಆ ಸರ ತೂಗಿತು. ಶಿವರಾಜ ಏನೂ ಬಡಕಲಾಗಲಿಲ್ಲ, ಕೋಣ ಬೆಳೆದ ಹಾಗೆ ಬೆಳೆದ. ಮುಂದೆ ಮಲ್ಲಿಕಮ್ಮ ಎರಡು ಗಂಡು ಹಡೆದಾಗಲೂ ಅಮೃತಮ್ಮನೇ ಬಂದು ಅದೇ ಸರವನ್ನು ತೊಟ್ಟಿಲಿಗೆ ಕಟ್ಟಿದಳು. ಮೂರನೆಯದು ದುರ್ಗಾ, ಅವಳಿಗೂ ಕಟ್ಟಿದಳು.

ರೇಣುಕಾಳ ಮನೆಗೆ ಮಾತ್ರ ಆ ಸರ ಹೋಗಲೇ ಇಲ್ಲ. ಎರಡು ಕೂಸು ಹಡೆದಳು. ಎರಡೂ ತೊಟ್ಟಿಲು ಕಾಣುವ ಮೊದಲೇ ಮಣ್ಣು ಸೇರಿದವು. ಎರಡನೆಯದು ಹೋದ ಮೇಲೆ ಅವಳು ಊಟ ಬಿಟ್ಟಳು, ಮಾತು ಬಿಟ್ಟಳು. ಅವಳ ಗಂಡ ರಾಮಲಿಂಗ, ಸುರಪುರದ ಶಾಲೆಯೊಂದರಲ್ಲಿ ಜವಾನ, ಬಂದು ಬಾಗಿಲಲ್ಲಿ ನಿಂತು ಗಳಗಳ ಅತ್ತ. ಯಾರೂ ಮಲ್ಲಿಕಮ್ಮನನ್ನು ಬಲವಂತ ಮಾಡಲಿಲ್ಲ. ಮೊಲೆ ಕುಡಿಯುತ್ತಿದ್ದ ದುರ್ಗಾಳನ್ನು ತಾನೇ ಒಯ್ದು ತಂಗಿಯ ಉಡಿಗೆ ಹಾಕಿದಳು. ಅಮೃತಮ್ಮ ಇಬ್ಬರ ಕೈಗೂ ಅರಿಶಿನ ಹಚ್ಚಿ ಹಿರಿಯ ಮಗಳಿಗೆ ಹೇಳಿದಳು: "ಇವತ್ತಿನಿಂದ ನೀ ಇದಕ್ಕ ದೊಡ್ಡವ್ವ. ಹಡದಾಕಿ ಅನ್ನೂ ಮಾತು ನಿನ್ನ ಬಾಯಾಗ ಬರಬಾರದು. ಬಂದ್ರ ತಂಗಿ ಉಡಿ ಹರದಂಗ."

ಮಲ್ಲಿಕಮ್ಮ ಆ ಮಾತು ಉಳಿಸಿಕೊಂಡಳು. ದುರ್ಗಾಗೆ ವಿಷಯ ಗೊತ್ತಾಗದೆ ಇರಲಿಲ್ಲ. ಊರ ಬಾಯಿ ಮುಚ್ಚಲಾದೀತೇ? ಗೊತ್ತಿದ್ದರೂ ಅವಳು ದೊಡ್ಡವ್ವ ಎಂದೇ ಕರೆದಳು, ಮಲ್ಲಿಕಮ್ಮ 'ಓ' ಅಂದಳು. ಎದೆಹಾಲು ಬತ್ತುವ ತನಕ ಸೀರೆಯ ಸೆರಗು ಬಾಯಿಗೆ ತುರುಕಿಕೊಂಡು ಮಲಗಿದ ರಾತ್ರಿಗಳಲ್ಲಿ ಅವಳನ್ನು ಉಳಿಸಿದ್ದು ತೆಕ್ಕವ್ವ. ಮೇಲಿನಿಂದ ನೋಡಿದರೆ ಬರೀ ಉಸುಕು. ಕೆಳಗೆ ಮಾತ್ರ ತೆಕ್ಕೆ ಸಡಿಲವಾಗದು. ನಾನೂ ಹಾಗೇ ಇರ್ತೀನಿ ಬಿಡು, ಯಾರಿಗೂ ಕಾಣದ ಹಾಗೆ, ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು.

ಸುರಪುರದ ಮನೆ ತುಂಬಾ ಹೆಂಗಸರು. ಯಾದಗಿರಿಯಿಂದ ಬೀಗರು ಆಗಲೇ ಬಂದು ಕುಳಿತಿದ್ದರು. ದುರ್ಗಾಳ ಅತ್ತೆ ಹಣಮಂತಮ್ಮ, ದೊಡ್ಡ ದನಿಯ ದೊಡ್ಡ ಮೈಯ ಹೆಂಗಸು, ನಡುಮನೆಯಲ್ಲಿ ಗೋಡೆಗೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಅವಳ ಮಗಳು ಸುನಿತಾ, ಕೂಸಿಗೆ ಸೋದರತ್ತೆ, ಹೆಸರು ಕೂಗಬೇಕಾದವಳು. ಯಾದಗಿರಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಳು. ರೇಣುಕಾ ಒಳಗೆ ಗುಗ್ಗರಿ ಬಸಿಯುತ್ತಿದ್ದಳು, ಬೆವರಿನಲ್ಲೂ ಮುಖ ಹೂವಾಗಿತ್ತು. ದುರ್ಗಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, "ಬಾ ದೊಡ್ಡವ್ವಾ, ತಡಾ ಮಾಡಿದಿ" ಎಂದಳು. ಮಲ್ಲಿಕಮ್ಮ ಕೂಸಿನ ಅಂಗಾಲು ಮುಟ್ಟಿ ನೋಡಿದಳು. ಹೆಬ್ಬೆರಳು ದುರ್ಗಾಳದ್ದರ ಹಾಗೆಯೇ ಇತ್ತು, ಸ್ವಲ್ಪ ಮೇಲೆ ಎದ್ದುಕೊಂಡು. ಮೂಲೆಗೆ ಹೋಗಿ ಕುಳಿತುಬಿಟ್ಟಳು.

ಉಡಿ ತುಂಬುವ ಗದ್ದಲ ಶುರುವಾದಾಗ ಅವಳು ಎದ್ದಳು. ರೇಣುಕಾ ಒಳಗಿದ್ದಳು. ಚೀಲದಿಂದ ಸರ ತೆಗೆದು, ತೊಟ್ಟಿಲಿನ ಹತ್ತಿರ ಹೋಗಿ, ದಾರದ ತುದಿಯನ್ನು ಮೇಲಿನ ಕೋಲಿಗೆ ಸುತ್ತಿದಳು. ಇನ್ನೇನು ಗಂಟು ಹಾಕಬೇಕು.

"ಅಯ್ಯ, ಎಷ್ಟ್ ಛಂದ ಅದರಿ ಇದು!" ಪಕ್ಕದಲ್ಲೇ ಸುನಿತಾ. "ಜರಾ ಕೊಡ್ರಿ, ನೋಡ್ತೀನಿ." ಕೊಡುವುದಿಲ್ಲ ಅನ್ನುವುದು ಹೇಗೆ? ಸುನಿತಾ ಸರವನ್ನು ಕೈಗೆ ತೆಗೆದುಕೊಂಡು ಒಂದೊಂದೇ ಚಿಪ್ಪು ತಿರುಗಿಸಿದಳು. ಅವಳ ಕಣ್ಣು ಅರಳಿತು. "ಈ ತೂತು ಯಾರು ಹಾಕ್ಯಾರ ಗೊತ್ತದೇನ್ರಿ ನಿಮಗ? ಇದ ಹಾಕ್ಯಾದ, ನಡುವಿನ ಈ ಗುಂಡಂದು! ಉಸುಕಿನ ಕೆಳಗ ಇರ್ತದ, ಅಲ್ಲೇ ಬ್ಯಾಟಿ ಆಡ್ತದ. ಚಿಪ್ಪು ಸಿಕ್ಕಿದ್ದೇ ತಡ, ಮೈತುಂಬ ಸುತ್ತಿ ಹಿಡಕೋತದ, ಬಿಡಂಗೇ ಇಲ್ಲ. ಆಮ್ಯಾಲ ಹುಳಿಯಂಥದ್ದು ಹಚ್ಚಿ ಚಿಪ್ಪು ಮೆತ್ತಗ ಮಾಡಿ, ಅರದಂಥ ನಾಲಗಿಲೆ ದಿನಗಟ್ಟಲೆ ಕೊರೀತದ. ತೂತು ಬಿದ್ದ ಮ್ಯಾಲ ಒಳಗ ಸೊಂಡಿ ಹಾಕಿ, ಒಳಗಿಂದು ಪೂರಾ ತಿಂದು ಮುಗಸ್ತದ. ಇಷ್ಟೂ ಅದು ತಿಂದುಳಿದ ಚಿಪ್ಪರಿ!"

ಪಾಠ ಮಾಡುವ ಹುಮ್ಮಸ್ಸಿನಲ್ಲಿ ಅವಳಿಗೆ ಹೆಂಗಸರೆಲ್ಲ ಉಡಿ ತುಂಬುವುದನ್ನು ಬಿಟ್ಟು ತನ್ನ ಕಡೆ ತಿರುಗಿದ್ದು ಗೊತ್ತಾಗಲಿಲ್ಲ. ಹಣಮಂತಮ್ಮ ಎಲೆ ಅಡಿಕೆ ಉಗುಳಿ ಬಂದಳು. "ಏನಂದಿ? ಸತ್ತವುಗಳ ಸರ ನನ್ನ ಮೊಮ್ಮಗಳ ತೊಟ್ಟಿಲಿಗೇನು? ತೆಗೀರಿ ಅದನ್ನ ಆಕಡಿ!" ಸುನಿತಾಗೆ ಈಗ ನಾಲಿಗೆ ಕಚ್ಚಿಕೊಳ್ಳುವಂತಾಯಿತು. "ಯವ್ವಾ, ನಾ ಹಂಗಲ್ಲ ಅಂದಿದ್ದು..." ಎಂದಳು. ಹೆಸರು ಕೂಗಿದ ಸೋದರತ್ತೆಯ ಬೆನ್ನಿಗೆ ಹೆಂಗಸರೆಲ್ಲ ಗುದ್ದುವುದು ರೂಢಿ. ಇವಳಿಗೆ ಹೆಸರು ಕೂಗುವ ಮೊದಲೇ ಗುದ್ದು ಬೀಳುವ ಲಕ್ಷಣವಿತ್ತು.

ಮಲ್ಲಿಕಮ್ಮನಿಗೆ ಆ ಗದ್ದಲ ಕೇಳಿಸುತ್ತಿರಲಿಲ್ಲ. ತಿನ್ನುವುದಕ್ಕೆ ಹಿಡಿದಿತ್ತು. ತೆಕ್ಕೆ ಅಲ್ಲವೇ ಅಲ್ಲ ಅದು. ತಾನು ಬಿಡಿಸಲು ಹೋದಾಗ ಆ ಚಿಪ್ಪಿನೊಳಗಿನ ಜೀವ ಇನ್ನೂ ಇತ್ತೋ ಏನೋ, ತಾವಿಬ್ಬರೂ ಸೇರಿ ಅದನ್ನು ಮತ್ತೆ ಅದರ ಬಾಯಿಗೇ ಕೊಟ್ಟು, ಮೇಲೆ ಉಸುಕು ತಟ್ಟಿ, ಕೈಮುಗಿದು ಬಂದಿದ್ದರು. ಹಾಗಾದರೆ ಇಷ್ಟು ವರ್ಷ ಯಾವ ತಾಯಿಯನ್ನು ನೆನೆದು ಅವಳು ಅಳು ನುಂಗಿದಳು? ಈ ಸುಡುಗಾಡು ವಿದ್ಯೆ ಇವತ್ತೇ ಬರಬೇಕಿತ್ತೇ! ಸಿಟ್ಟು, ನಾಚಿಕೆ, ದುಃಖ ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಸರ ಇಸಿದುಕೊಂಡು ಬಸ್ ಹತ್ತಿಬಿಡಬೇಕು ಅನ್ನಿಸಿತು.

ಆಗ ದುರ್ಗಾ ಮಾತಾಡಿದಳು. "ಅತ್ತೀ, ನಾನೂ ಇದರ ಕೆಳಗ ಮಲಗಿ ಬೆಳದಾಕಿ. ನನಗೇನಾಗ್ಯದ? ನನ್ನ ಕೂಸಿಗಿ ಇದು ಬೇಕ್ರಿ."

ಬಾಣಂತಿ ಕೇಳಿದ್ದನ್ನು ಇಲ್ಲ ಅನ್ನಬಾರದು. ಅಷ್ಟರಲ್ಲಿ ರೇಣುಕಾ ಕೈ ಒರೆಸಿಕೊಳ್ಳುತ್ತ ಬಂದು ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಮುಖ ಬಿಳಿಚಿತ್ತು.

"ಹಂಗಾದ್ರ ನಮ್ಮ ಕಡಿ ಒಂದು ಮಾತದ," ಎಂದಳು ಹಣಮಂತಮ್ಮ. "ಹಡದ ಕೈಗಿ ದೋಷ ಮುಟ್ಟಂಗಿಲ್ಲ. ಎಂಥ ಕೆಟ್ಟದ್ದಿದ್ರೂ ಹಡದಾಕಿ ಕೈಲೆ ಕಟ್ಟಿದ್ರ ಮಗಳಿಗೂ ತಾಗಂಗಿಲ್ಲ, ಮೊಮ್ಮಗಳಿಗೂ ತಾಗಂಗಿಲ್ಲ. ಬ್ಯಾರೆಯವರು ಕಟ್ಟಬಾರದು ನೋಡ್ರಿ ಮತ್ತ. ಬೀಗತೀ, ದುರ್ಗಾನ ಹಡದಾಕಿ ನೀವು, ನೀವ ಕಟ್ರಿ." ಎಂದು ಮಗಳ ಕೈಯಿಂದ ಸರ ಕಿತ್ತು ರೇಣುಕಾಳ ಕೈಗೆ ಕೊಟ್ಟಳು.

ರೇಣುಕಾ ದಾರವನ್ನು ಕೋಲಿಗೆ ಸುತ್ತಿದಳು. ಸುತ್ತಿದ ಕೈ ಅಲ್ಲೇ ನಿಂತಿತು.

ಅವಳ ಬೆನ್ನು ನೋಡುತ್ತಲೇ ಮಲ್ಲಿಕಮ್ಮನಿಗೆ ಎಲ್ಲ ತಿಳಿಯಿತು. ಕಟ್ಟಿದರೆ ಸುಳ್ಳು ಕೈ ಕೂಸಿನ ಮೇಲೆ ತೂಗುತ್ತದೆ ಎಂಬ ಹೆದರಿಕೆ ಅವಳಿಗೆ. ಎರಡು ಕೂಸು ಮಣ್ಣಿಗೆ ಕೊಟ್ಟವಳು ಹೆದರದೆ ಇರುತ್ತಾಳೆಯೇ? ಕಟ್ಟದಿದ್ದರೆ ಬೀಗರ ಮುಂದೆ ಬಣ್ಣಗೇಡು. ಒಂದೇ ಒಂದು ಮಾತು ಸಾಕಾಗಿತ್ತು. 'ಹಡದಾಕಿ ನಾನು' ಎಂದರೆ ಸರವೂ ತನ್ನದು, ಗಂಟೂ ತನ್ನದು. ಬಸ್ಸಿನಲ್ಲಿ ಬೇಡಿಕೊಂಡು ಬಂದದ್ದು ಇದೋ, ಕೈಗೆ ಬಂದು ನಿಂತಿತ್ತು. ನಾಲಿಗೆಯ ತುದಿಗೂ ಬಂತು. ಆದರೆ ರೇಣುಕಾಳ ಭುಜ ನಡುಗುತ್ತಿತ್ತು, ಕೌದಿಯೊಳಗೆ ಅಕ್ಕ ತಬ್ಬುವ ಮೊದಲು ಅಲೆಯ ಸದ್ದಿಗೆ ನಡುಗುತ್ತಿದ್ದ ಹಾಗೆಯೇ.

ಮಲ್ಲಿಕಮ್ಮ ಹತ್ತಿರ ಹೋಗಿ ತಂಗಿಯ ಬೆನ್ನ ಮೇಲೆ ಕೈಯಿಟ್ಟಳು. "ಕಟ್ಟು ರೇಣುಕಾ. ಹುಚ್ಚಿ, ಯಾಕ ಅಂಜತಿ? ಸಾಕಿದ ಕೈಗಿ ಯಾ ದೋಷ? ಏನೂ ಆಗಂಗಿಲ್ಲ, ಕಟ್ಟು."

ರೇಣುಕಾ ತಿರುಗಿ ಅಕ್ಕನ ಮುಖ ನೋಡಿದಳು. ಆಮೇಲೆ ಹಣಮಂತಮ್ಮನ ಕಡೆ ತಿರುಗಿ, ಮನೆಗೆಲ್ಲ ಕೇಳಿಸುವ ಹಾಗೆ ಹೇಳಿದಳು: "ನಾ ಹಡದಿಲ್ರಿ. ಹಡದಾಕಿ ಈಕಿ. ನನ್ನ ಉಡಿ ಬರಿದಾಗಿತ್ತಂತ ಮೊಲಿ ಬಿಡಿಸಿ ತಂದು ಕೊಟ್ಟಾಳ. ಕೊಟ್ಟ ದಿನದಿಂದ ಇವತ್ತಿನ ತನಕ ಒಂದು ಮಾತು ಅಂದಿಲ್ಲ. ಈಗ ಸೈತ ಅನವಲ್ಲಳು ನೋಡ್ರಿ!" ಅಂದವಳೇ ಗೋಡೆಗೆ ಮುಖ ಹಚ್ಚಿ ಅತ್ತಳು.

ದುರ್ಗಾ ಕೂಸನ್ನು ಎದೆಗೆ ಒತ್ತಿಕೊಂಡು ಒಬ್ಬಳಾದ ಮೇಲೆ ಒಬ್ಬಳನ್ನು ನೋಡುತ್ತಿದ್ದಳು, ಅವಳ ಕೆನ್ನೆ ಒದ್ದೆಯಾಗಿತ್ತು. ಹಣಮಂತಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಮದಿವ್ಯಾಗ ಒಂದು ಮಾತು ಹೇಳಬೇಕಿಲ್ಲೇನ್ರಿ ನಮಗ?" ಎಂದಳು. ಆಮೇಲೆ ಮಲ್ಲಿಕಮ್ಮನನ್ನು ಅಡಿಯಿಂದ ಮುಡಿಯ ತನಕ ನೋಡಿ, "ಮತ್ತ ನೀವು ಇಷ್ಟೊತ್ತನ ಆ ಮೂಲ್ಯಾಗ ಯಾಕ ಕುಂತಿದ್ರಿ, ಪರದೇಶಿ ಹಂಗ? ಬರ್ರಿ ಬೀಗತೀ, ಮುಂದ ಬರ್ರಿ. ಕೂಸು ಹಸದಾದ, ಲಗೂ ಕಟ್ರಿ" ಎಂದು ಗದರಿದಳು.

ಮಲ್ಲಿಕಮ್ಮ ಅಳುತ್ತಿದ್ದಳು. ಸೆರಗು ಬಾಯಿಗೆ ತುರುಕಿಕೊಳ್ಳದೆ, ನಾಲ್ಕು ಜನರ ಎದುರಿಗೆ, ದೊಡ್ಡ ದನಿಯಲ್ಲಿ. ಅಳುತ್ತಲೇ ದಾರ ಹಿಡಿದಳು. ಎಷ್ಟು ಬಲೆ ಹೆಣೆದ ಕೈ ಅದು, ಇವತ್ತು ಒಂದು ಗಂಟು ಕೂಡಲೊಲ್ಲದು. ಮೊದಲ ಸುತ್ತು ಬಿಗಿದರೆ ಎರಡನೆಯದು ಹಾಕುವಷ್ಟರಲ್ಲಿ ಸಡಿಲಾಗುತ್ತಿತ್ತು. ಚಿಪ್ಪುಗಳ ಭಾರಕ್ಕೆ ದಾರ ಜಾರುತ್ತಿತ್ತು.

ರೇಣುಕಾ ಕಣ್ಣೊರೆಸಿಕೊಂಡು ಬಂದು, ಮೊದಲ ಗಂಟಿನ ಮೇಲೆ ತನ್ನ ಬೆರಳು ಒತ್ತಿ ಹಿಡಿದಳು. "ಹ್ಞಾಂ, ಈಗ ಹಾಕು."

ಮಲ್ಲಿಕಮ್ಮ ಎರಡನೆಯ ಗಂಟು ಸುತ್ತಿದಳು. "ಬೆರಳು ತೆಗಿ, ಒಳಗ ಸಿಕ್ಕೊಂತದ."

"ಸಿಕ್ಕೊಳ್ಳಲಿ ಬಿಡಕ್ಕ," ಎಂದಳು ರೇಣುಕಾ. "ನೀ ಬಿಗಿ."